ಮನೆಯಲ್ಲಿ ಹಾಡಿದ ಹಾಡುಗಳು

ಹಾಡು ಕಟ್ಟುವವರಲ್ಲಿ ಎರಡು ಬಗೆ. ಹಾಡನ್ನೇ ವೃತ್ತಿಯಾಗಿ ಕೈಗೊಂಡು ಸಭೆಗಾಗಿ, ರಂಗಭೂಮಿಗಾಗಿ, ಚಲನಚಿತ್ರಕ್ಕಾಗಿ ಕಟ್ಟುವವರು ಒಂದು ಬಗೆ. ಹಗಲೆಲ್ಲ ಬೇರೊಂದು ದುಡಿಮೆಯಲ್ಲಿ ತೊಡಗಿ, ಸಂಜೆ ಮನೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು, ತಮಗಾಗಿ ಮತ್ತು ತಮ್ಮವರೆನಿಸಿದ ನಾಲ್ಕು ಜನರಿಗಾಗಿ ಕಟ್ಟುವವರು ಇನ್ನೊಂದು ಬಗೆ. ಇವರನ್ನು ನಾವು ಹವ್ಯಾಸಿಗಳೆಂದು ಕರೆಯುತ್ತೇವೆ. ಆ ಮಾತಿನಲ್ಲಿ ತುಸು ಉದಾಸೀನವೂ ಬೆರೆತಿರುವುದುಂಟು. ವೃತ್ತಿಗಾರನ ಹಾಡಿಗೆ ಸಭೆ ಮೊದಲೇ ಸಿದ್ಧವಾಗಿರುತ್ತದೆ. ಹವ್ಯಾಸಿಯ ಹಾಡು ತನ್ನ ಶ್ರೋತೃವನ್ನು ತಾನೇ ಹುಡುಕಿಕೊಳ್ಳಬೇಕು. ಸಿಕ್ಕದೆ ಹೋದರೆ ಆ ಹಾಡಿನ ಗತಿಯೇನು? ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ ನಿಜವಾಗಿ ನಡೆದ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು. ಅಮೆರಿಕದ ಹವ್ಯಾಸಿ ಹಾಡುಗಾತಿಯೊಬ್ಬಳ ವೃತ್ತಾಂತವನ್ನು ಅದಕ್ಕಾಗಿ ಆರಿಸಿಕೊಂಡಿದ್ದೇನೆ.

ಆಕೆಯ ಹೆಸರು ಎಲಿಜಬೆತ್ ಈಟನ್ ಕನ್ವರ್ಸ್. ಹುಟ್ಟಿದ್ದು 1924ರಲ್ಲಿ, ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಲಕೋನಿಯ ಎಂಬ ಊರಿನಲ್ಲಿ. ಬೆಳೆದದ್ದು ಅದೇ ಸಂಸ್ಥಾನದ ಕಾಂಕರ್ಡಿನಲ್ಲಿ. ತಂದೆ ಬ್ಯಾಪ್ಟಿಸ್ಟ್ ಪಂಥದ ಪಾದ್ರಿ. ಮನೆಯ ಕಟ್ಟುಪಾಡು ಬಿಗಿಯಾದದ್ದು. ಹುಡುಗಿ ಶಾಲೆಗೆ ಮೊದಲಿಗಳಾಗಿ ತೇರ್ಗಡೆಯಾಗಿ, ವಿದ್ಯಾರ್ಥಿವೇತನ ಪಡೆದು ಮೌಂಟ್ ಹೋಲಿಯೋಕ್ ಕಾಲೇಜನ್ನು ಸೇರಿದಳು. ಎರಡು ವರ್ಷ ಓದಿ, ಪದವಿ ಮುಗಿಸದೆ, ನ್ಯೂಯಾರ್ಕ್ ನಗರಕ್ಕೆ ಹೊರಟುಹೋದಳು. ಮನೆಯವರಿಗೆ ಇದು ಒಪ್ಪಿಗೆಯಾದ ಸಂಗತಿಯಲ್ಲ. ನಗರದಲ್ಲಿ ಕಾನಿ ಎಂಬ ಹೊಸ ಹೆಸರು ಬಂತು. ಹೊಟ್ಟೆಪಾಡಿಗೆ ಒಂದು ಮುದ್ರಣಾಲಯದಲ್ಲಿ ಕೆಲಸ. ಉಳಿದ ಹೊತ್ತಿಗೆ ಒಂದು ಗಿಟಾರು, ಒಂದು ಲೇಖನಿ. ಸಂಜೆಯ ಹೊತ್ತು ತಾನೇ ಮಾತು ಹೊಸೆದು, ತಾನೇ ಧಾಟಿ ಕಟ್ಟಿ, ಗಿಟಾರಿನ ತಂತಿಗಳನ್ನು ಬೆರಳಿನಿಂದ ಮೀಟುತ್ತ ಸ್ನೇಹಿತರಿಗೆ ಹಾಡಿ ತೋರಿಸುವುದು ರೂಢಿಯಾಯಿತು.

ಇಲ್ಲಿ ಯಂತ್ರದ ವಿಷಯವನ್ನು ಸ್ವಲ್ಪ ಹೇಳಬೇಕು. ಏಕೆಂದರೆ ಯಂತ್ರವಿಲ್ಲದಿದ್ದರೆ ಈ ಕಥೆಯೇ ಇಲ್ಲ. ಅದಕ್ಕೆ ಹಿಂದೆ ಧ್ವನಿಯನ್ನು ಹಿಡಿದಿಡಬೇಕಾದರೆ ತಟ್ಟೆಯ ಮೇಲೆ ಸೂಜಿಯಿಂದ ಗೀರಬೇಕಾಗಿತ್ತು. ಸಾಮಾನ್ಯ ತಟ್ಟೆಯ ಒಂದು ಮುಖಕ್ಕೆ ಹಿಡಿಯುತ್ತಿದ್ದುದು ಮೂರು ನಾಲ್ಕು ನಿಮಿಷದ ಹಾಡು. ನಡುವೆ ಕೆಮ್ಮು ಬಂದರೆ ಅಥವಾ ತಂತಿ ತಪ್ಪಿದರೆ ತಟ್ಟೆಯೇ ವ್ಯರ್ಥ. ಜರ್ಮನಿಯ ಇಂಜಿನಿಯರರು ಕಾಂತೀಯ ಪಟ್ಟಿಯ ಯಂತ್ರವನ್ನು ರೂಪಿಸಿ 1935ರಲ್ಲಿ ಬರ್ಲಿನ್ನಿನ ಬಾನುಲಿ ಪ್ರದರ್ಶನದಲ್ಲಿ ತೋರಿಸಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದು ಅಮೆರಿಕಕ್ಕೆ ದಾಟಿತು. 1950ರ ಹೊತ್ತಿಗೆ ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಟೇಪ್ ರೆಕಾರ್ಡರುಗಳು ಅಂಗಡಿಗೆ ಬಂದವು. ಅದರ ತತ್ತ್ವ ಸರಳವಾದದ್ದು. ಕಾಲು ಅಂಗುಲ ಅಗಲದ ತೆಳುಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ಲೇಪಿಸಿರುತ್ತಾರೆ. ಧ್ವನಿಯ ಕಂಪನವನ್ನು ಮೈಕು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಆ ಏರಿಳಿತ ಯಂತ್ರದ ಕಾಂತದ ಮೂಲಕ ಹಾಯ್ದು ಪುಡಿಯ ಕಣಗಳಲ್ಲಿ ತನ್ನ ಗುರುತನ್ನು ಬಿಡುತ್ತದೆ. ಅದೇ ಪಟ್ಟಿಯನ್ನು ಮತ್ತೆ ಓಡಿಸಿದರೆ ಗುರುತು ವಿದ್ಯುತ್ತಾಗಿ, ವಿದ್ಯುತ್ತು ಧ್ವನಿಯಾಗಿ ಹಿಂದಿರುಗುತ್ತದೆ. ಸೆಕೆಂಡಿಗೆ ಏಳೂವರೆ ಅಂಗುಲದಂತೆ ಓಡಿದರೆ 1200 ಅಡಿಯ ಒಂದು ಸುರುಳಿಗೆ ಅರ್ಧ ಗಂಟೆಗೂ ಮಿಕ್ಕಿ ಹಾಡಬಹುದು. ತಪ್ಪಿದರೆ ಅಳಿಸಿ ಮತ್ತೆ ಹಾಡಬಹುದು. ಇದು ಕೇವಲ ಸೌಕರ್ಯದ ಮಾತಲ್ಲ. ಧ್ವನಿಯನ್ನು ಶಾಶ್ವತಗೊಳಿಸುವ ಅಧಿಕಾರ ಅಲ್ಲಿಯವರೆಗೆ ಕಂಪೆನಿಗಳ ಕೈಯಲ್ಲಿತ್ತು. ಈಗ ಅದು ಗೃಹಸ್ಥನ ಮೇಜಿನ ಮೇಲಕ್ಕೆ ಬಂತು.

ಜೀನ್ ಡೈಚ್ ಅಂಥ ಒಬ್ಬ ಗೃಹಸ್ಥ. ವೃತ್ತಿಯಿಂದ ವ್ಯಂಗ್ಯಚಲಚ್ಚಿತ್ರಗಳ ಕಲಾವಿದ. ಮುಂದೆ 'ಮನ್ರೋ' ಎಂಬ ಕಿರುಚಿತ್ರಕ್ಕೆ ಆಸ್ಕರ್ ಪಡೆದವನು. 'ಟಾಮ್ ಅಂಡ್ ಜೆರ್ರಿ' ಸರಣಿಯ ಕೆಲವು ಚಿತ್ರಗಳನ್ನು ನಿರ್ದೇಶಿಸಿದವನೂ ಆತನೇ. ಆತನಿಗಿದ್ದ ಹವ್ಯಾಸ ಧ್ವನಿಮುದ್ರಣ. ನ್ಯೂಯಾರ್ಕಿನ ಹತ್ತಿರ ಹಡ್ಸನ್ ನದಿಯ ದಂಡೆಯ ಊರಿನಲ್ಲಿದ್ದ ಆತನ ಮನೆಯಲ್ಲಿ ಸಂಗೀತಪ್ರಿಯರು ಸೇರುತ್ತಿದ್ದರು. 1954ರಲ್ಲಿ ಕಾನಿಯೂ ಆ ಮನೆಗೆ ಬಂದು ಹಾಡಿದಳು. ಡೈಚ್ ಸುರುಳಿಯಲ್ಲಿ ಹಿಡಿದ. ಅದೇ ವರ್ಷ ಸಿ.ಬಿ.ಎಸ್. ದೂರದರ್ಶನ ಸಂಸ್ಥೆಯ ಬೆಳಗಿನ ಕಾರ್ಯಕ್ರಮದಲ್ಲಿ, ವಾಲ್ಟರ್ ಕ್ರಾಂಕೈಟ್ ನಡೆಸಿಕೊಡುತ್ತಿದ್ದಾಗ, ಆಕೆಗೆ ಒಮ್ಮೆ ಹಾಡುವ ಅವಕಾಶ ಸಿಕ್ಕಿತು. ಅದರಿಂದ ಮುಂದೆ ಯಾವ ಬಾಗಿಲೂ ತೆರೆಯಲಿಲ್ಲ. ಆಕೆ ತಾನೂ ಮನೆಯಲ್ಲಿ ಹಾಡಿ ಮುದ್ರಿಸಿಕೊಂಡು, ದೂರದಲ್ಲಿದ್ದ ತಮ್ಮ ಫಿಲಿಪ್‌ಗೆ ಸುರುಳಿಗಳನ್ನು ಕಳುಹಿಸುತ್ತಿದ್ದಳು. ಬಹುಕಾಲ ಆ ಹಾಡುಗಳ ಪ್ರಕಾಶನವೆಂದರೆ ಇಷ್ಟೇ: ಒಂದು ಗೆಳೆಯರ ಕೂಟ, ಒಬ್ಬ ತಮ್ಮ.

ಇನ್ನು ಹಾಡುಗಳ ಸ್ಫೂರ್ತಿಯ ವಿಚಾರ. ಕಾವ್ಯ ಹುಟ್ಟಲು ಮೂರು ಕಾರಣಗಳೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ: ಹುಟ್ಟಿನಿಂದ ಬಂದ ಪ್ರತಿಭೆ, ಲೋಕವನ್ನೂ ಶಾಸ್ತ್ರವನ್ನೂ ನೋಡಿ ಪಡೆದ ವ್ಯುತ್ಪತ್ತಿ, ಬಿಡದ ಅಭ್ಯಾಸ. ಪ್ರತಿಭೆ ಎಲ್ಲಿಂದ ಬಂತೆಂದು ಯಾರೂ ಹೇಳಲಾರರು. ವ್ಯುತ್ಪತ್ತಿಯ ಹೆಜ್ಜೆಗುರುತುಗಳನ್ನಾದರೋ ಹಾಡುಗಳಲ್ಲಿಯೇ ಕಾಣಬಹುದು.

ಮೊದಲನೆಯದು ತವರಿನ ಸಂಸ್ಕಾರ. 'ರೋವಿಂಗ್ ವುಮನ್' ಎಂಬ ಹಾಡಿನ ನಾಯಕಿ ಪಾನಗೃಹಗಳಲ್ಲಿ ಅಲೆಯುವ, ಜೂಜಾಡುವ ಹೆಣ್ಣು. ಪ್ರತಿಬಾರಿಯೂ ಯಾರಾದರೊಬ್ಬರು ಅಡ್ಡಬಂದು ಅವಳನ್ನು ಮನೆಗೆ ಕರೆದೊಯ್ಯುತ್ತಾರೆ! ಪಾದ್ರಿಯ ಮಗಳು ಬರೆದ ಹಾಡು ಇದೆಂದು ನೆನೆದಾಗ ಅದರ ನಗೆ ಇಮ್ಮಡಿಯಾಗುತ್ತದೆ. ಬಿಗಿಯಾದ ಮನೆ ಆಕೆಗೆ ಎರಡನ್ನೂ ಕೊಟ್ಟಿತ್ತು. ಮೀರಬೇಕಾದ ಗೆರೆಯನ್ನು, ಮೀರಿದ ಮೇಲೂ ಮರೆಯಲಾಗದ ಭಾಷೆಯನ್ನು. ಹೊಲದ ನೈದಿಲೆಗಳನ್ನು ನೋಡಿರೆಂಬ ಕ್ರಿಸ್ತನ ಬೋಧೆಯನ್ನು ನೆನಪಿಗೆ ತರುವ ಶೀರ್ಷಿಕೆಯ ಒಂದು ಹಾಡನ್ನೂ ಆಕೆ ಬರೆದಿದ್ದಾಳೆ.

ಎರಡನೆಯದು ಓದು. 'ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್' ಎಂಬುದು ಐರ್ಲೆಂಡಿನ ನಾಟಕಕಾರ ಸಿಂಜ್‌ನ ಪ್ರಸಿದ್ಧ ನಾಟಕದ ಹೆಸರು. ಆಕೆ ಅದನ್ನು ಎತ್ತಿಕೊಂಡು ತನ್ನ ಒಂದು ವಿನೋದದ ಹಾಡಿಗೆ ಮುಡಿಸಿದಳು. ಆ ಕಾಲದ ಗಿಟಾರು ಹಾಡುಗಾರರು ಬಹುಮಟ್ಟಿಗೆ ಹಳೆಯ ಜಾನಪದ ಮಟ್ಟುಗಳನ್ನು ಹಿಡಿದು ನಡೆಯುತ್ತಿದ್ದರು. ಕಾನಿಯ ಪ್ರಾಸಗಳು ನಾಗರಿಕವಾದವು, ಚತುರವಾದವು. ಸ್ವರಸಂಯೋಜನೆ ನಿರೀಕ್ಷಿಸದ ಕಡೆಗೆ ತಿರುಗುತ್ತದೆ. ಜಾನಪದದವರಿಗೆ ಇದು ಹೆಚ್ಚು ನಾಜೂಕು. ರಂಗಗೀತೆಯವರಿಗೆ ತೀರ ಸರಳ. ಮಾರುವವನಿಗೆ ಯಾವ ಕಪಾಟಿನಲ್ಲಿಡಬೇಕೆಂದು ತೋಚದಂಥ ಹಾಡು ಇದು.

ಮೂರನೆಯದು ಏಕಾಂತ. 'ಟಾಕಿಂಗ್ ಲೈಕ್ ಯೂ' ಎಂಬ ಹಾಡಿನಲ್ಲಿ ಎರಡು ಎತ್ತರದ ಬೆಟ್ಟಗಳ ನಡುವೆ ಒಬ್ಬಳೇ ವಾಸಿಸುವ ಹೆಣ್ಣೊಬ್ಬಳು ಮಾತನಾಡುತ್ತಾಳೆ. ತನಗೆ ಬೇಸರವಿಲ್ಲ, ಏಕೆಂದರೆ ಸುತ್ತಣ ಪ್ರಾಣಿಗಳ ದನಿಯೆಲ್ಲ ಅಗಲಿಹೋದ ಒಬ್ಬನ ದನಿಯಂತೆಯೇ ಕೇಳುತ್ತದೆ ಎನ್ನುತ್ತಾಳೆ. ಅಳುವ ಮಾತು ಒಂದೂ ಇಲ್ಲ, ಬದಲಾಗಿ ತಮಾಷೆಯಿದೆ. ಆದರೆ ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ಆ ಇಲ್ಲದವನೇ. ನಮ್ಮವರು ಧ್ವನಿ ಎಂದು ಕರೆದದ್ದು ಇದನ್ನೇ ಅಲ್ಲವೆ? 'ಒನ್ ಬೈ ಒನ್' ಎಂಬ ಇನ್ನೊಂದು ಹಾಡಿನಲ್ಲಿ ಜನರು ಕತ್ತಲಲ್ಲಿ ನಡೆಯುತ್ತಾರೆ. ಪ್ರೇಮಿಗಳಂತೆ ಜೋಡಿಯಾಗಿ ಅಲ್ಲ, ಒಬ್ಬೊಬ್ಬರಾಗಿ. ಮಹಾನಗರದಲ್ಲಿ ಒಂಟಿಯಾಗಿ ಬದುಕಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

1961ರಲ್ಲಿ ಕಾನಿ ನ್ಯೂಯಾರ್ಕನ್ನು ಬಿಟ್ಟಳು. ಗಿಟಾರು ಹಿಡಿದ ಯುವಕ ಬಾಬ್ ಡಿಲನ್ ಅದೇ ನಗರಕ್ಕೆ ಬಂದಿಳಿದದ್ದೂ ಅದೇ ವರ್ಷ. ತಾನೇ ಬರೆದು ತಾನೇ ಹಾಡುವ ಕವಿಗಾಯಕರಿಗೆ ಮುಂದಿನ ಕೆಲವೇ ವರ್ಷಗಳಲ್ಲಿ ಲೋಕವೇ ಕಿವಿಗೊಟ್ಟಿತು. ಆಕೆ ಹತ್ತು ವರ್ಷ ಮೊದಲೇ ಬಂದು, ಬಾಗಿಲು ತೆರೆಯುವ ಹೊತ್ತಿಗೆ ಎದ್ದು ಹೋಗಿದ್ದಳು. ಫಿಲಿಪ್ ಆಗ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ರಾಜ್ಯಶಾಸ್ತ್ರದ ವಿದ್ವಾಂಸ. ಕಾನಿ ಆತನಿದ್ದ ಆನ್ ಆರ್ಬರಿಗೆ ಹೋಗಿ, ಯುದ್ಧ ಶಾಂತಿಗಳ ಅಧ್ಯಯನಕ್ಕೆ ಮೀಸಲಾದ ಒಂದು ವಿದ್ವತ್ಪತ್ರಿಕೆಯ ಕಚೇರಿಯನ್ನು ಸೇರಿ, ಅದರ ವ್ಯವಸ್ಥಾಪಕ ಸಂಪಾದಕಿಯಾದಳು. ಹೊಸ ಹಾಡುಗಳು ವಿರಳವಾದವು. 1972ರ ಕೊನೆಗೆ ಆ ಪತ್ರಿಕೆ ಬೇರೊಂದು ವಿಶ್ವವಿದ್ಯಾನಿಲಯಕ್ಕೆ ಸ್ಥಳಾಂತರವಾಯಿತು. 1974ರ ಆಗಸ್ಟಿನಲ್ಲಿ, ಐವತ್ತು ತುಂಬಿದ ತಿಂಗಳಲ್ಲಿ, ಆಪ್ತರಿಗೆ ಬೀಳ್ಕೊಡುಗೆಯ ಪತ್ರಗಳನ್ನು ಬರೆದು, ಸಾಮಾನನ್ನು ತನ್ನ ಪುಟ್ಟ ಕಾರಿನಲ್ಲಿ ತುಂಬಿಕೊಂಡು ಹೊರಟುಹೋದಳು. ಎಲ್ಲಿಗೆಂದು ಇಂದಿಗೂ ತಿಳಿದುಬಂದಿಲ್ಲ.

ಆದರೆ ಹೊರಡುವ ಮುನ್ನ ತನ್ನ ಹಾಡು, ಪತ್ರ, ಬರಹಗಳನ್ನೆಲ್ಲ ಕಡತದ ಬೀರುವಿನಲ್ಲಿ ಕ್ರಮವಾಗಿ ಜೋಡಿಸಿಟ್ಟಿದ್ದಳು. ಈ ಸಣ್ಣ ಸಂಗತಿ ನನ್ನನ್ನು ಬಹಳವಾಗಿ ಕಾಡಿದೆ. ಯಾರೂ ಕೇಳುವುದಿಲ್ಲವೆಂದು ನಿಶ್ಚಯವಾದವರು ಹೀಗೆ ಜೋಡಿಸಿಡುವುದಿಲ್ಲ.

ಮೂವತ್ತು ವರ್ಷ ಕಳೆಯಿತು. 2004ರ ಜನವರಿಯಲ್ಲಿ, ಎಂಬತ್ತರ ಹೊಸ್ತಿಲಲ್ಲಿದ್ದ ಜೀನ್ ಡೈಚ್ ನ್ಯೂಯಾರ್ಕಿನ ಒಂದು ಬಾನುಲಿ ನಿಲಯದ ಸಂಗೀತ ಕಾರ್ಯಕ್ರಮಕ್ಕೆ ಅತಿಥಿಯಾಗಿ ಬಂದು, ತನ್ನ ಹಳೆಯ ಸುರುಳಿಗಳಲ್ಲಿದ್ದ ಕಾನಿಯ ಒಂದು ಹಾಡನ್ನು ಕೇಳಿಸಿದ. ಡ್ಯಾನ್ ಜುಲಾ ಎಂಬ ತರುಣನ ಕಿವಿಗೆ ಅದು ಬಿತ್ತು. ಬಿದ್ದದ್ದು ಮನಸ್ಸಿನಲ್ಲಿ ನಿಂತಿತು. ಆತ ಗೆಳೆಯ ಡೇವಿಡ್ ಹರ್ಮನ್ ಜೊತೆಗೂಡಿ, ಡೈಚ್ ಉಳಿಸಿದ್ದ ಸುರುಳಿಗಳನ್ನೂ ಫಿಲಿಪ್ ಕಾಪಾಡಿದ್ದ ಸುರುಳಿಗಳನ್ನೂ ಕಲೆಹಾಕಿ, ಹದಿನೇಳು ಹಾಡುಗಳನ್ನು 'ಹೌ ಸ್ಯಾಡ್, ಹೌ ಲವ್ಲಿ' ಎಂಬ ಹೆಸರಿನಿಂದ 2009ರಲ್ಲಿ ಹೊರತಂದ. 2023ರಲ್ಲಿ ಹವರ್ಡ್ ಫಿಶ್‌ಮನ್ ಆಕೆಯ ದೊಡ್ಡ ಜೀವನಚರಿತ್ರೆಯನ್ನೇ ಪ್ರಕಟಿಸಿದರು. ಮನೆಯಲ್ಲಿ ಹಾಡಿದ ಹಾಡು ಸಭೆಯನ್ನು ಮುಟ್ಟಲು ಐವತ್ತೈದು ವರ್ಷ ಹಿಡಿಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಆಕೆಯ ಅಂತ್ಯವನ್ನು ತಿಳಿದವರು ಪ್ರತಿಯೊಂದು ಹಾಡಿನಲ್ಲಿಯೂ ಆ ಅಂತ್ಯದ ಮುನ್ಸೂಚನೆಯನ್ನೇ ಹುಡುಕತೊಡಗುತ್ತಾರೆ. ಅದು ರಸಿಕತೆಯಲ್ಲ. ಡೈಚ್‌ನ ಮನೆಯಲ್ಲಿ ಹಾಡಿದಾಗ ಆಕೆಗೆ ಮೂವತ್ತರ ಪ್ರಾಯ. ನಾಳೆಯ ಮೇಲೆ ಭರವಸೆಯಿದ್ದ ಪ್ರಾಯ. ಹಾಡಿನ 'ನಾನು' ಬರೆದವರ 'ನಾನು' ಅಲ್ಲವೆಂಬುದನ್ನು ವಿದ್ಯಾರ್ಥಿಗಳಿಗೆ ಮೂವತ್ತು ವರ್ಷ ಹೇಳಿದವನು ನಾನು. ಇಲ್ಲಿಯೂ ಅದನ್ನೇ ಹೇಳಬೇಕು. ಸ್ಫೂರ್ತಿಯೆಂದರೆ ಬಾಳಿನ ನಕಲಲ್ಲ. ಬಾಳಿನಿಂದ ಕಿಡಿ ತೆಗೆದುಕೊಂಡು ಬೇರೆ ದೀಪ ಹಚ್ಚುವುದು.

ಹಾಗಾದರೆ ನಾವು ಮೊದಲು ಎತ್ತಿದ ಪ್ರಶ್ನೆಗೆ ಉತ್ತರವೇನು? ಸರಸ್ವತಿಯ ತತ್ತ್ವ ಕವಿ, ಸಹೃದಯ ಇಬ್ಬರೂ ಕೂಡಿ ಆದದ್ದೆಂದು ಅಭಿನವಗುಪ್ತ ಭಾವಿಸಿದ. ಆ ಲೆಕ್ಕದಲ್ಲಿ ಬೀರುವಿನಲ್ಲಿದ್ದ ಹಾಡು ಅರ್ಧ ಹಾಡು. ಭವಭೂತಿ 'ಮಾಲತೀಮಾಧವ'ದ ಮೊದಲಲ್ಲಿಯೇ, ಕಾಲಕ್ಕೆ ಕೊನೆಯಿಲ್ಲವಾದ್ದರಿಂದ ಸಮಾನಧರ್ಮನೊಬ್ಬ ಎಂದಾದರೂ ಹುಟ್ಟಿಯಾನೆಂದು ಸಮಾಧಾನ ಮಾಡಿಕೊಂಡ. ಕಾನಿಯ ಸಮಾನಧರ್ಮ ಹುಟ್ಟಿದ ನಿಜ. ಆದರೆ ಅವನು ಹುಟ್ಟುವವರೆಗೆ ಸುರುಳಿ ಉಳಿದಿರಬೇಕಾಗಿತ್ತಲ್ಲ! ಅದನ್ನು ಉಳಿಸಿದವರು ಕೀರ್ತಿಗಾಗಿ ಉಳಿಸಲಿಲ್ಲ. ಒಬ್ಬ ಗೆಳೆಯ, ಒಬ್ಬ ತಮ್ಮ, ಎಸೆಯಲು ಮನಸ್ಸಾಗದೆ ಇಟ್ಟುಕೊಂಡರು. ಕವಿಗೂ ಸಹೃದಯನಿಗೂ ನಡುವೆ ಕಾಪಿಡುವವನೊಬ್ಬನಿದ್ದಾನೆ. ನಮ್ಮ ಶಾಸ್ತ್ರಕಾರರು ಅವನಿಗೆ ಹೆಸರಿಡಲು ಮರೆತರು.

ಈ ವಿಷಯವನ್ನು ನಾನು ಆರಿಸಿಕೊಂಡದ್ದಕ್ಕೆ ಸ್ವಂತದ ಕಾರಣವೊಂದುಂಟು. ನನ್ನ ಅಕ್ಕ ಆರತಿಯ ಹಾಡು, ಹಸೆಯ ಹಾಡುಗಳನ್ನು ತಾನೇ ಕಟ್ಟುತ್ತಿದ್ದಳು. ಹಾಲಿನ ಲೆಕ್ಕದ ಪುಸ್ತಕದ ಹಿಂದಣ ಹಾಳೆಗಳಲ್ಲಿ ಅವು ಈಗಲೂ ಇವೆ. ಮಾತು ಇದೆ, ಧಾಟಿ ಇಲ್ಲ. ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಅದರಲ್ಲಿ ನಾನು ವಿದ್ವಾಂಸರ ಉಪನ್ಯಾಸಗಳನ್ನು ಹಿಡಿದಿಟ್ಟೆ. ಅಕ್ಕನನ್ನು ಹಾಡು ಎಂದು ಕೇಳಲು ತೋಚಲಿಲ್ಲ.

ಕೇಳುಗರ ಮನೆಗಳಲ್ಲಿಯೂ ಎಷ್ಟೋ ಕ್ಯಾಸೆಟ್ಟುಗಳು ಪೆಟ್ಟಿಗೆಯ ತಳದಲ್ಲಿರಬಹುದು. ಅವುಗಳ ಲೇಪ ಉದುರುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಇಂದು ಅವುಗಳ ಪ್ರತಿ ತೆಗೆದಿಡುವುದು ಕಷ್ಟವಲ್ಲ. ಹಾಡಿದವರು ಯಾರು, ಯಾವ ವರ್ಷ, ಎಲ್ಲಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಹಾಡು ಕಟ್ಟಿದವರು ಇನ್ನೂ ನಮ್ಮ ನಡುವೆ ಇದ್ದರೆ ಹತ್ತಿರ ಕುಳಿತು, ಈ ಹಾಡು ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿ. ಅವರು ನಕ್ಕು, ಅದೇನು ಮಹಾ ಎಂದು ಹೇಳಿಯಾರು. ಎರಡನೆಯ ಸಲವೂ ಕೇಳಿ.