ತಲೆಗೆ ಎಂಟು ಪೈಸೆ

ಮೈಸೂರಿನಿಂದ ನಂಜನಗೂಡಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಕಡಕೊಳ ದಾಟುವಷ್ಟರಲ್ಲಿ ಪಕ್ಕದ ಸೀಟಿನ ಹುಡುಗ ಫೋನನ್ನು ನನ್ನ ಮೂಗಿನ ಹತ್ತಿರ ತಂದು, ‘ನೋಡಿ ಸಾರ್, ಇದು ಒಂದಕ್ಕೆ ನೂರಾಗುತ್ತಂತೆ’ ಎಂದ. ಪರದೆಯಲ್ಲಿ ಕೆಂಪು ಕಾರಿಗೆ ಒರಗಿ ನಿಂತವನೊಬ್ಬ ಯಾವುದೋ ಹೊಸ ಕಾಯಿನ್ನಿನ ಗುಣಗಾನ ಮಾಡುತ್ತಿದ್ದ. ಅರ್ಧ ನಿಮಿಷದ ರೀಲ್.

ಅರ್ಧ ನಿಮಿಷವೇನು ಕಡಿಮೆಯೇ? ಕಾಯಿನ್‌ಗೆಕೊ ಸಂಸ್ಥೆಯ ಲೆಕ್ಕದಂತೆ 2025ರ ಮೊದಲ ಮೂರು ತಿಂಗಳಲ್ಲಿ ಸತ್ತ ಕ್ರಿಪ್ಟೊ ನಾಣ್ಯಗಳು 18 ಲಕ್ಷ. ದಿನಕ್ಕೆ 20 ಸಾವಿರ, ನಿಮಿಷಕ್ಕೆ ಹದಿನಾಲ್ಕು. ಆ ಲೆಕ್ಕದಲ್ಲಿ ಒಂದು ರೀಲ್ ಮುಗಿಯುವುದರೊಳಗೆ ಏಳು ನಾಣ್ಯಗಳ ಕಥೆ ಮುಗಿದಿರುತ್ತದೆ. ಮೈಸೂರು ಬಿಟ್ಟ ಬಸ್ಸು ಕಪಿಲೆಯ ಸೇತುವೆ ಹತ್ತುವಾಗ ಆರುನೂರು ದಾಟಿರುತ್ತದೆ. ನಂಜನಗೂಡು ಪಟ್ಟಣದಲ್ಲಿ 2011ರ ಜನಗಣತಿ ಎಣಿಸಿದ ತಲೆಗಳು ಸುಮಾರು 50 ಸಾವಿರ. ಅಷ್ಟು ನಾಣ್ಯ ಸಾಯಲು ಎರಡೂವರೆ ದಿನ ಸಾಕು.

ಇವನ್ನೆಲ್ಲ ಹೊಗಳುವವರ ಕೂಲಿ ಎಷ್ಟು? 2021ರ ಜೂನ್‌ನಲ್ಲಿ ಅಮೆರಿಕದ ತಾರೆ ಕಿಮ್ ಕರ್ದಾಶಿಯನ್ ಇನ್‌ಸ್ಟಾಗ್ರಾಂನಲ್ಲಿ ಎಥೀರಿಯಂಮ್ಯಾಕ್ಸ್ ಎಂಬ ಟೋಕನ್ ಬಗ್ಗೆ ಒಂದೇ ಒಂದು ಪೋಸ್ಟ್ ಹಾಕಿದರು. ಸಂದಾಯ ಎರಡೂವರೆ ಲಕ್ಷ ಡಾಲರ್. ಅಂದಿನ ದರದಲ್ಲಿ ಒಂದೂಮುಕ್ಕಾಲು ಕೋಟಿ ರೂಪಾಯಿಗೂ ಮೇಲೆ. ಅಬ್ಬಾ ಎನ್ನುವ ಮೊದಲು ಭಾಗಿಸಿ ನೋಡಿ. ಆಗ ಅವರ ಹಿಂಬಾಲಕರು ಹತ್ತಿರ ಹತ್ತಿರ 25 ಕೋಟಿ, ಅಂದರೆ ನಾಲ್ಕು ಕರ್ನಾಟಕ. ತಲೆಗೆ ಬಿದ್ದದ್ದು ಏಳೆಂಟು ಪೈಸೆ! ನಮ್ಮಲ್ಲಿ 25 ಪೈಸೆಯ ನಾಣ್ಯವೇ 2011ರಲ್ಲಿ ಚಲಾವಣೆಯಿಂದ ಹೋಯಿತು. ಎಂಟು ಪೈಸೆಯ ದರದಲ್ಲಿ ಇಡೀ ನಂಜನಗೂಡಿಗೆ ಡಂಗುರ ಸಾರಲು 4,000 ರೂಪಾಯಿ. ತಮಟೆಯವನನ್ನು ಕರೆದು ಕೇಳಿ, ಬೀದಿ ಬೀದಿ ತಿರುಗಬೇಕೆಂದರೆ ಅಷ್ಟಕ್ಕೆ ಒಪ್ಪುವುದೂ ಅನುಮಾನ. ಪಡೆದ ಹಣದ ವಿಷಯ ಹೇಳಲಿಲ್ಲ ಎಂದು ಅಮೆರಿಕದ ಷೇರುಪೇಟೆ ನಿಯಂತ್ರಕರು 2022ರ ಅಕ್ಟೋಬರ್‌ನಲ್ಲಿ ಹಿಡಿದಾಗ ಆಕೆ ಕಟ್ಟಿದ್ದು 12.6 ಲಕ್ಷ ಡಾಲರ್. ಪಡೆದದ್ದರ ಐದು ಪಟ್ಟು.

ಬೀಳುವ ವೇಗವಂತೂ ಕಣ್ಣಿಗೆ ಸಿಕ್ಕುವಂಥದಲ್ಲ. ಸ್ಕ್ವಿಡ್ ಗೇಮ್ ಧಾರಾವಾಹಿಯ ಹೆಸರು ಹೊತ್ತು, ಸಾಮಾಜಿಕ ಜಾಲತಾಣಗಳ ಗದ್ದಲದಲ್ಲೇ ಬೆಳೆದ ಟೋಕನ್ 2021ರ ನವೆಂಬರ್ 1ರಂದು 2,861 ಡಾಲರ್ ಮುಟ್ಟಿ, ಕೆಲವೇ ನಿಮಿಷಗಳಲ್ಲಿ ಒಂದು ಸೆಂಟಿನ ಹತ್ತನೇ ಒಂದು ಭಾಗಕ್ಕೂ ಕೆಳಗೆ ಬಂತು. ಮೂವತ್ತಾರು ಲಕ್ಷದಲ್ಲೊಂದು ಪಾಲು! ನಂಜುಂಡೇಶ್ವರನ ಗೋಪುರ 120 ಅಡಿ. ಅದೂ ಅದೇ ಪ್ರಮಾಣದಲ್ಲಿ ಕುಗ್ಗಿದ್ದರೆ ಉಳಿಯುತ್ತಿದ್ದ ಎತ್ತರ ಒಂದು ಮಿಲಿಮೀಟರಿನ ನೂರನೇ ಒಂದು ಪಾಲು. ಮುಡಿ ಕೊಟ್ಟ ಭಕ್ತರ ಒಂದು ಕೂದಲು ಅದಕ್ಕಿಂತ ದಪ್ಪ.

ವೇಗ ಹೀಗಾದರೆ ತೂಕ ಹೇಗೆ? ಕಪಿಲೆ ಕಾವೇರಿಯನ್ನು ಸೇರುವ ತಿರುಮಕೂಡಲು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುವುದು ಟಿ. ನರಸೀಪುರದವರ ನಂಬಿಕೆ. ಅಲ್ಲಿನ ಗುಂಜಾ ನರಸಿಂಹಸ್ವಾಮಿಯ ಹೆಸರಿನಲ್ಲೇ ಗುಲಗಂಜಿಯಿದೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಈ ಕಾಳು ಗ್ರಾಮಿನ ಎಂಟನೇ ಒಂದು ಭಾಗದ ಆಸುಪಾಸು. ಅಷ್ಟು ಹದವಾದ ತಕ್ಕಡಿ ಇಟ್ಟುಕೊಂಡ ಊರಿನಲ್ಲಿ 2025ರ ಫೆಬ್ರವರಿ 12ರಂದು ಕುಂಭಮೇಳ ಮುಗಿಯಿತು. ಎರಡು ದಿನ ಕಳೆದು, 14ರಂದು, ಅರ್ಜೆಂಟೀನಾದ ಅಧ್ಯಕ್ಷ ಹಾವಿಯೇರ್ ಮಿಲೇ ಲಿಬ್ರಾ ಎಂಬ ನಾಣ್ಯದ ಬಗ್ಗೆ ಎಕ್ಸ್‌ನಲ್ಲಿ ನಾಲ್ಕು ಸಾಲು ಬರೆದರು. ನಾಣ್ಯದ ಒಟ್ಟು ಬೆಲೆ 400 ಕೋಟಿ ಡಾಲರ್ ದಾಟಿತು. ಕೆಲವೇ ಗಂಟೆಗಳಲ್ಲಿ ರೂಪಾಯಿಗೆ ತೊಂಬತ್ತು ಪೈಸೆ ಆವಿಯಾಯಿತು. ಪೋಸ್ಟನ್ನೂ ಅಳಿಸಿದರು.

ಇನ್ನು ಆಸೆಯ ಗಣಿತ. ಜಗತ್ತಿನ ತುಂಬ ಪ್ರಚಾರಕರ ಪಡೆ ಕಟ್ಟಿದ್ದ ಬಿಟ್‌ಕನೆಕ್ಟ್ ಎಂಬ ಕ್ರಿಪ್ಟೊ ಸಂಸ್ಥೆ ತೋರಿಸುತ್ತಿದ್ದ ಲಾಭ ದಿನಕ್ಕೆ ಸರಾಸರಿ ಶೇ. 1. ಬರೀ ಒಂದು! ಚಕ್ರಬಡ್ಡಿ ಹಾಕಿ ನೋಡಿ: ಇವತ್ತಿನ 10 ಸಾವಿರ ರೂಪಾಯಿ ಮೂರು ವರ್ಷಕ್ಕೆ ಸುಮಾರು 54 ಕೋಟಿ. ಆರು ವರ್ಷಕ್ಕೆ 29 ಲಕ್ಷ ಕೋಟಿ; 2025–26ರ ಕರ್ನಾಟಕ ಬಜೆಟ್ಟಿನ ಏಳು ಪಟ್ಟು. ಇದನ್ನು ಹೇಳಿದವರ ಗಂಟಲು ಒಣಗಲಿಲ್ಲ, ಕೇಳಿದವರ ಕೈ ಕ್ಯಾಲ್ಕುಲೇಟರಿಗೆ ಹೋಗಲಿಲ್ಲ. 2018ರ ಜನವರಿಯಲ್ಲಿ ಬಾಗಿಲು ಬಿತ್ತು. ಅಮೆರಿಕದ ಆರೋಪಪಟ್ಟಿಯಲ್ಲಿರುವ ವಂಚನೆಯ ಮೊತ್ತ 240 ಕೋಟಿ ಡಾಲರ್. ಇದೇ ಪ್ರಕರಣದಲ್ಲಿ 2025ರ ಫೆಬ್ರವರಿಯಲ್ಲಿ ನಮ್ಮ ಜಾರಿ ನಿರ್ದೇಶನಾಲಯ ವಶಪಡಿಸಿಕೊಂಡ ಕ್ರಿಪ್ಟೊ ಮೌಲ್ಯ 1,646 ಕೋಟಿ ರೂಪಾಯಿ.

ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಒಂದು ನಾಯಿಯದು. ಶಿಬಾ ಇನು ಎಂಬ ನಾಯಿತಳಿಯ ಹೆಸರಿನ ನಾಣ್ಯಗಳನ್ನು ಸೃಷ್ಟಿಸಿದಾಗ ಎಷ್ಟಿದ್ದವು ಗೊತ್ತೇ? ಒಂದರ ಮುಂದೆ ಹದಿನೈದು ಸೊನ್ನೆ, ನಮ್ಮ ಲೆಕ್ಕದಲ್ಲಿ ಹತ್ತು ಕೋಟಿ ಕೋಟಿ. ಭೂಮಿಯ 800 ಕೋಟಿ ಜನಕ್ಕೂ ತಲಾ ಒಂದೂಕಾಲು ಲಕ್ಷ! ಒಂದೊಂದು ನಾಣ್ಯವೂ ಕಬಿನಿ ನಾಲೆ ಬಯಲಿನ ಒಂದೊಂದು ಭತ್ತದ ಕಾಳಾಗಿದ್ದರೆ ಎರಡೂವರೆ ಕೋಟಿ ಟನ್. ಹತ್ತು ಟನ್ನಿನ ಲಾರಿಗೆ ತುಂಬಿದರೆ 25 ಲಕ್ಷ ಲಾರಿ. ಹತ್ತು ಮೀಟರಿಗೊಂದರಂತೆ ನಿಲ್ಲಿಸಿದರೆ ಸಾಲು ನಂಜನಗೂಡಿನಲ್ಲಿ ಶುರುವಾಗಿ ಭೂಮಿಯ ಅರ್ಧ ಸುತ್ತು ದಾಟುತ್ತದೆ. ಅದರಲ್ಲಿ ಅರ್ಧ ಪಾಲನ್ನು, ಕೇಳದೆಯೇ, ಎಥೀರಿಯಂ ಕಟ್ಟಿದ ವಿಟಾಲಿಕ್ ಬ್ಯುಟೆರಿನ್ ಖಾತೆಗೆ ಸುರಿದರು. ದೊಡ್ಡವರ ಹೆಸರು ಅಂಟಿದರೆ ಸಾಕಲ್ಲ! 2021ರ ಮೇ ತಿಂಗಳಲ್ಲಿ ಆತ ಹತ್ತು ಲಕ್ಷ ಲಾರಿಯಷ್ಟನ್ನು ಸುಟ್ಟುಬಿಟ್ಟ. ಒಂದೂಕಾಲು ಲಕ್ಷ ಲಾರಿಯಷ್ಟನ್ನು ಭಾರತದ ಕೋವಿಡ್ ನಿಧಿಗೆ ಕೊಟ್ಟ. ಆ ದಿನದ ಬೆಲೆಯಲ್ಲಿ ದಾನದ ಮೊತ್ತ ಸುಮಾರು 100 ಕೋಟಿ ಡಾಲರ್.

ಈಗ ಆ ಎಂಟು ಪೈಸೆಯೂ ಉಳಿತಾಯವಾಗುತ್ತಿದೆ. ಮೈಸೂರಿನ ಎನ್‌ಐಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾರಾಯಣಮೂರ್ತಿಯವರು 2023ರ ಡಿಸೆಂಬರ್‌ನಲ್ಲಿ ತಾವೇ ಎಚ್ಚರಿಸಬೇಕಾಯಿತು: ಟ್ರೇಡಿಂಗ್ ಆ್ಯಪ್‌ಗಳನ್ನು ಹೊಗಳುತ್ತಿರುವ ವಿಡಿಯೊಗಳಲ್ಲಿರುವುದು ತಾವಲ್ಲ, ಡೀಪ್‌ಫೇಕ್ ಎಂದು. ಕೂಲಿ ಸೊನ್ನೆ, ಮುಖ ಮಾತ್ರ ಇನ್ಫೊಸಿಸ್ ಕಟ್ಟಿದವರದು.

ನಂಜನಗೂಡಿನಲ್ಲಿ ಇಳಿಯುವಾಗ ಹುಡುಗ ಕೇಳಿದ: ‘ಹೋದ್ರೆ ಐದು ಸಾವಿರ ತಾನೇ ಸಾರ್?’ ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ತೆರಿಗೆ ಶೇ. 30. ಒಂದು ನಾಣ್ಯದಲ್ಲಿ ಕಳೆದುಕೊಂಡದ್ದನ್ನು ಇನ್ನೊಂದರ ಲಾಭದಿಂದ ಒಂದು ಗುಲಗಂಜಿಯಷ್ಟೂ ವಜಾ ಮಾಡಿಕೊಳ್ಳುವಂತಿಲ್ಲ.