ನಿಮಗಿದು ಗೊತ್ತೇ? ಹಿಂಜರಿಕೆಗೆ ಎಷ್ಟೊಂದು ಮುಖ!

ಬೆಂಗಳೂರಿನ ಬಿಳೇಕಹಳ್ಳಿಯಲ್ಲಿ ನಿರ್ಧಾರ ಮಾಡುವುದನ್ನೂ ಪಾಠ ಹೇಳಿಕೊಡುತ್ತಾರೆ! ಬನ್ನೇರುಘಟ್ಟ ರಸ್ತೆಯ ಐಐಎಂ ಶುರುವಾದದ್ದು 1973ರಲ್ಲಿ. ಅಲ್ಲಿ 'ನಿರ್ಧಾರ ವಿಜ್ಞಾನ'ಕ್ಕೇ ಒಂದು ವಿಭಾಗವಿದೆ. ಈಗ ಗೇಟಿನಾಚೆ ಬಂದು ಆಟೋ ಕರೆಯಿರಿ. "ಸಿಲ್ಕ್ ಬೋರ್ಡಾ? ಈ ಟೈಮಲ್ಲಾ ಸಾರ್?" ಹಿಂದೆಮುಂದೆ ನೋಡುವುದು ಅಂದರೆ ಇದೇ!

'ಹಿಂಜರಿಕೆ'ಯಲ್ಲಿ ಕಾಲಿನ ನಡೆ ಅಡಗಿದೆ, ಗೊತ್ತೇ? ಹಿಂದಕ್ಕೆ ಸರಿಯುವುದೇ ಹಿಂಜರಿಯುವುದು. ಸೀರೆಯ ಮುಂದಿನ ಸೆರಗು 'ಮುಂಜೆರಗು' ಆಗುತ್ತದಲ್ಲ, ಹಾಗೆಯೇ 'ಸರಿ' ಇಲ್ಲಿ 'ಜರಿ' ಆಗಿದೆ!

"ಸಂಕೋಚ ಮಾಡ್ಕೋಬೇಡಿ, ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ!" ಮದುವೆಯೂಟದಲ್ಲಿ ಕೇಳಿದ್ದೀರಿ. ಸಂಕೋಚ ಎಂದರೆ ಕುಗ್ಗುವುದು. ಶಾಲೆಯ ವಿಜ್ಞಾನ ಪುಸ್ತಕ ತೆರೆಯಿರಿ. ಹೃದಯ ಕುಗ್ಗುವುದಕ್ಕೂ 'ಸಂಕೋಚನ' ಎಂದೇ ಹೆಸರು. ನಿಮ್ಮೆದೆಯಲ್ಲಿ ನಿಮಿಷಕ್ಕೆ ಸುಮಾರು 70 ಸಲ ಸಂಕೋಚ!

ಮುಟ್ಟಿದರೆ ಸಾಕು, ಎಲೆ ಮುದುಡಿಕೊಳ್ಳುವ ಗಿಡ ನೋಡಿದ್ದೀರಲ್ಲ? ಅದಕ್ಕೆ ನಮ್ಮಲ್ಲಿ 'ನಾಚಿಕೆ ಮುಳ್ಳು' ಎನ್ನುತ್ತಾರೆ, 'ಮುಟ್ಟಿದರೆ ಮುನಿ' ಎಂದೂ ಎನ್ನುತ್ತಾರೆ. ನಾಚಿಕೆಯೋ ಮುನಿಸೋ, ನೀವೇ ಹೇಳಿ! ಅದರ ಮೂಲ ನೆಲೆ ದೂರದ ಅಮೆರಿಕ ಖಂಡ!

'ಮೀನಮೇಷ ಎಣಿಸಬೇಡ' ಎಂದು ಬೈಸಿಕೊಂಡಿದ್ದೀರಾ? 12 ರಾಶಿಗಳಲ್ಲಿ ಮೇಷ ಮೊದಲನೆಯದು, ಮೀನ ಕೊನೆಯದು. ರಾಶಿಚಕ್ರದಲ್ಲಿ ಎರಡೂ ಅಕ್ಕಪಕ್ಕದ ಮನೆ! ಆದರೆ ಮೇಷದಿಂದ ಎಣಿಸುತ್ತಾ ಹೊರಟರೆ ಮೀನ ಸಿಗಲು ಇಡೀ ಚಕ್ರ ಸುತ್ತಬೇಕು. ಅಷ್ಟರಲ್ಲಿ ಮುಹೂರ್ತವೇ ಮುಗಿದಿರುತ್ತದೆ!

'ಅನುಮಾನ'ದ ಕಥೆ ಇನ್ನೂ ಸೋಜಿಗ. ನ್ಯಾಯಶಾಸ್ತ್ರದಲ್ಲಿ ಅದು ಅರಿವಿನ ನಾಲ್ಕು ದಾರಿಗಳಲ್ಲೊಂದು. ಹೊಗೆ ಕಂಡರೆ ಬೆಂಕಿಯಿದೆ ಎಂದು ತಿಳಿಯುವುದೇ ಅನುಮಾನ. ಹಿಂದಿಯವರಿಗೆ ಅದೇ ಪದ ಅಂದಾಜು. ಅವರ ಹವಾಮಾನ ಮುನ್ಸೂಚನೆ 'ಪೂರ್ವಾನುಮಾನ್'. ಕನ್ನಡಕ್ಕೆ ಬಂದದ್ದೇ ತಡ, ಶಂಕೆಯಾಯಿತು! ತಿಳಿಯುವ ದಾರಿಯೇ ತಿಳಿಯದೆ ನಿಲ್ಲುವ ಜಾಗವಾಯಿತು!

ಇಂಥ ಪದಗಳ ಗುಟ್ಟು ಬಿಡಿಸಲೆಂದೇ ಒಂದು ಅಂಕಣವಿತ್ತು. 'ಪ್ರಜಾವಾಣಿ'ಯ 'ಇಗೋ ಕನ್ನಡ'ದಲ್ಲಿ ಓದುಗರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವರು ನಿಘಂಟು ತಜ್ಞ ಪ್ರೊ. ಜಿ. ವೆಂಕಟಸುಬ್ಬಯ್ಯ. ಅವರು ಹುಟ್ಟಿದ್ದು 1913ರಲ್ಲಿ, ತೀರಿಕೊಂಡದ್ದು 2021ರಲ್ಲಿ. ಬರೋಬ್ಬರಿ 107 ವರ್ಷದ ಬಾಳು!

ಗೊತ್ತಿಲ್ಲದ ಪದ ಎದುರಾದರೆ ಇಂದೇ ನಿಘಂಟು ತೆಗೆಯಿರಿ, ಮನೆಯ ಹಿರಿಯರನ್ನು ಕೇಳಿ. ಹಿಂಜರಿಕೆ ಬೇಡ!