ಕಾಫಿಗೂ ಒಂದು ಹೊತ್ತಿದೆ

ಅಮ್ಮನಿಗೆ ಥೈರಾಯ್ಡ್ ಮಾತ್ರೆ ಶುರುವಾಗಿ ಎರಡು ವರ್ಷವಾಗಿತ್ತು. ಒಂದು ದಿನವೂ ತಪ್ಪಿಸಿದವಳಲ್ಲ. ಆದರೂ ರಕ್ತಪರೀಕ್ಷೆ ಮಾಡಿಸಿದಾಗಲೆಲ್ಲ ಟಿಎಸ್‌ಎಚ್ ಹೆಚ್ಚೇ ಬರುತ್ತಿತ್ತು, ಮಾತ್ರೆಯ ಪ್ರಮಾಣವೂ ಏರುತ್ತಿತ್ತು. ಮೂರನೇ ಸಲ ಏರಿಸುವ ಮೊದಲು ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು: "ಮಾತ್ರೆ ಹೇಗೆ ತಗೋತೀರಮ್ಮ?" ಅಮ್ಮ ಧೈರ್ಯವಾಗಿಯೇ ಹೇಳಿದಳು: "ನೀವು ಹೇಳಿದ ಹಾಗೇ, ಖಾಲಿ ಹೊಟ್ಟೇಲಿ. ಕಾಫಿ ಜೊತೆ."

ಅವಳು ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಕಾಫಿ ಕುಡಿದರೂ ಹೊಟ್ಟೆ ಖಾಲಿಯೇ. ಏಕಾದಶಿಯ ದಿನ ಅನ್ನ ಬಿಟ್ಟವರೂ ಕಾಫಿ ಬಿಡುವುದಿಲ್ಲ. ಆದರೆ ಕರುಳಿಗೆ ಈ ರಿಯಾಯಿತಿ ಗೊತ್ತಿಲ್ಲ. ಕಾಫಿ ಜೊತೆಗೆ ಹೋದರೆ ಥೈರಾಯ್ಡ್ ಮಾತ್ರೆ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಬರೀ ನೀರಿನಲ್ಲಿ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಆ ಸಲ ಅಮ್ಮನ ಮಾತ್ರೆ ಇದ್ದಷ್ಟೇ ಉಳಿಯಿತು, ಕಾಫಿ ಒಂದು ಗಂಟೆ ಮುಂದೆ ಹೋಯಿತು. ಮುಂದಿನ ಪರೀಕ್ಷೆಯಲ್ಲಿ ಟಿಎಸ್‌ಎಚ್ ಇಳಿದಿತ್ತು.

ಕಾಫಿ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದದಲ್ಲಿ ಅಂದಿನಿಂದ ನನಗೆ ಆಸಕ್ತಿ ಹೋಯಿತು. ಯಾವ ಹೊತ್ತಿಗೆ ಕುಡಿಯುತ್ತೀರಿ, ಯಾವುದರ ಜೊತೆ, ಎಷ್ಟು ಬಿಸಿ, ಎಷ್ಟು ದೊಡ್ಡ ಲೋಟ ಎಂದು ಕೇಳುವುದು ಹೆಚ್ಚು ಉಪಯೋಗದ ಮಾತು.

ನಮ್ಮ ಹೆಂಗಸರ ತಿಂಡಿಯ ಹೊತ್ತನ್ನೇ ನೋಡಿ. ಎಲ್ಲರಿಗೂ ಬಡಿಸಿ, ಡಬ್ಬಿ ಕಟ್ಟಿ ಕಳಿಸಿ, ಕೊನೆಗೆ ಅಡುಗೆಕಟ್ಟೆಗೆ ಒರಗಿ ನಿಂತು ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಕಾಫಿ. ರಾಗಿ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ಕಾಫಿ, ಟೀಯಲ್ಲಿರುವ ಟ್ಯಾನಿನ್‌ನಂಥ ಅಂಶಗಳು ಹಿಡಿದಿಟ್ಟುಕೊಳ್ಳುತ್ತವೆ, ಮೈಗೆ ದಕ್ಕಲು ಬಿಡುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಇದಕ್ಕೆ ಕಾಫಿಯೊಂದೇ ಕಾರಣವೆಂದರೆ ತಪ್ಪಾಗುತ್ತದೆ; ತಿನ್ನುವುದೇ ಕಡಿಮೆ ಎಂಬುದು ದೊಡ್ಡ ಕಾರಣ. ಆದರೆ ತಿಂದ ಅಷ್ಟಿಷ್ಟೂ ದಕ್ಕದೆ ಹೋಗುವುದು ಸಂಕಟದ ವಿಷಯ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಕಾಫಿ, ಟೀ ಬೇಡ ಎನ್ನುತ್ತದೆ. ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಗೂ ಇದೇ ಅಂತರ ಬೇಕು. ತಟ್ಟೆಯ ಪಕ್ಕ ಕಾಫಿಯ ಬದಲು ನಿಂಬೆಹಣ್ಣು ಹಿಂಡಿದ ಕೋಸಂಬರಿ ಇದ್ದರೆ ಅದೇ ಕಬ್ಬಿಣಾಂಶ ಚೆನ್ನಾಗಿ ದಕ್ಕುತ್ತದೆ.

ಅದೇ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಸಾಕು ಎನ್ನುತ್ತದೆ. 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ಅಷ್ಟೇ ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65 ಮಿಲಿಗ್ರಾಂ. ಪುಡಿಯ ಮೇಲೂ ಲೆಕ್ಕ ಬದಲಾಗುತ್ತದೆ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಕೆಫೀನ್. ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನೇ ಇಲ್ಲ. ಇದನ್ನೆಲ್ಲ ತೂಗಿ ನೋಡಿದರೆ ದರ್ಶಿನಿಯ ಗಲ್ಲಾದ ಮುಂದೆ ನಿಂತು "ಬೈ ಟು" ಎನ್ನುವ ಬೆಂಗಳೂರಿನ ರೂಢಿ ಬಹಳ ವಿವೇಕದ್ದು ಎನಿಸುತ್ತದೆ. ಗೆಳೆಯರಿಬ್ಬರು, ಅರ್ಧರ್ಧ ಲೋಟ, ಮಾತು ಮಾತ್ರ ಪೂರ್ತಿ.

ಸಂಜೆಯ ಕಾಫಿಯ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಎಚ್ಚರವಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಶೇಖರವಾಗುತ್ತಾ ನಿದ್ದೆಗೆ ಕರೆಯುತ್ತದೆ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಬಂದು ಕೂರುತ್ತದೆ. ದಣಿವು ಇದ್ದಲ್ಲೇ ಇರುತ್ತದೆ, ಅದರ ಸುದ್ದಿ ಮಾತ್ರ ಮುಟ್ಟುವುದಿಲ್ಲ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಬಸುರಿಯರಲ್ಲಿ ಇನ್ನೂ ನಿಧಾನ. ಸಂಜೆ ಏಳಕ್ಕೆ ನೆಂಟರು ಬಂದಾಗ ಉಪಚಾರಕ್ಕೆಂದು ಕುಡಿದದ್ದು ನಡುರಾತ್ರಿಯಲ್ಲೂ ಅರ್ಧ ಉಳಿದಿರುತ್ತದೆ. ಬೇಡ ಎಂದರೆ ಬೇಸರ ಮಾಡಿಕೊಳ್ಳುತ್ತಾರೆ ಎಂಬ ಸಂಕೋಚ ನಮ್ಮೆಲ್ಲರಿಗೂ ಇದೆ. ಮಜ್ಜಿಗೆಯನ್ನೋ ಜೀರಿಗೆ ಕಷಾಯವನ್ನೋ ಮನೆಯವರೇ ಮೊದಲು ಕೇಳಿದರೆ ಇಬ್ಬರಿಗೂ ಸುಲಭ.

ಸಕ್ಕರೆಯದು ಚಿಕ್ಕ ಲೆಕ್ಕ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಮೂರು ಲೋಟವಾದರೆ, ವಿಶ್ವ ಆರೋಗ್ಯ ಸಂಸ್ಥೆ ಉತ್ತಮವೆಂದು ಹೇಳುವ ದಿನದ 25 ಗ್ರಾಂ ಕಾಫಿಯಲ್ಲೇ ಮುಗಿಯುತ್ತದೆ.

ಇನ್ನು ಬಿಸಿ. ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಕಾಫಿಯ ಮೇಲಿದ್ದ ಹಳೆಯ ಅನುಮಾನವನ್ನು ಹಿಂದಕ್ಕೆ ತೆಗೆದುಕೊಂಡಿತು. ಆದರೆ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಕುಡಿಯುವ ಯಾವ ಪಾನೀಯವೂ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗಬಹುದು ಎಂದು ಎಚ್ಚರಿಸಿತು. ಇದನ್ನು ಓದಿದಾಗ ನನಗೆ ಅಜ್ಜ ಕಣ್ಣೆದುರು ಬಂದರು. ಲೋಟವನ್ನು ತಲೆಯ ಮಟ್ಟಕ್ಕೆ ಎತ್ತಿ, ಮೊಣಕಾಲ ಬಳಿ ಹಿಡಿದ ಬಟ್ಟಲಿಗೆ ಸಣ್ಣ ಧಾರೆಯಾಗಿ ಸುರಿಯುವರು. ಮತ್ತೆ ಬಟ್ಟಲಿನಿಂದ ಲೋಟಕ್ಕೆ. ನಾಲ್ಕು ಸಲ ಹಾಗೆ ಆಡಿಸುವಷ್ಟರಲ್ಲಿ ನೊರೆ ಏಳುತ್ತಿತ್ತು, ಹಬೆ ತಗ್ಗುತ್ತಿತ್ತು. ಹಿತ್ತಾಳೆ ಲೋಟದ ಅಂಚು ತುಟಿಗೆ ಸುಡದಷ್ಟು ಆರಿದ ಮೇಲೇ ಮೊದಲ ಗುಟುಕು. ಮುಚ್ಚಳದ ಕಾಗದದ ಕಪ್ಪು ಬಿಸಿಯನ್ನು ಹಾಗೇ ಕಾಪಿಡುತ್ತದೆ, ಒಳಗಿನ ಹಬೆ ಕಣ್ಣಿಗೆ ಕಾಣುವುದೂ ಇಲ್ಲ. ಈಗ ನಾನೂ ಮನೆಯಲ್ಲಿ ಬಟ್ಟಲನ್ನು ಹೊರಗೆ ತೆಗೆದಿಟ್ಟಿದ್ದೇನೆ.

ಅಮ್ಮನಿಗೆ ಆ ಒಂದು ಗಂಟೆ ಕಾಯುವುದು ಮೊದಲ ವಾರ ಬಹಳ ಕಷ್ಟವಾಯಿತು. ತಲೆನೋವು, ಸಿಡುಕು. ಮನೆಯೊಳಗಿದ್ದರೆ ಫಿಲ್ಟರಿನ ಘಮ ತಡೆಯಲಾಗುವುದಿಲ್ಲವೆಂದು ಬಾಗಿಲು ತೆಗೆದು ಹೊರಗೆ ಹೋಗತೊಡಗಿದಳು. ಈಗ ಐದೂವರೆಗೆ ಎದ್ದು ಮಾತ್ರೆ ನುಂಗಿ, ಫಿಲ್ಟರಿಗೆ ಪುಡಿ ಹಾಕಿ ಕುದಿನೀರು ಸುರಿದು, ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಾಳೆ. ಆಮೇಲೆ ಪಕ್ಕದ ಮನೆಯ ಆಂಟಿಯ ಜೊತೆ ಕೆರೆ ಏರಿಯವರೆಗೆ ನಡಿಗೆ. ಆರೂವರೆಗೆ ಬಂದು ಚಪ್ಪಲಿ ಬಿಟ್ಟು, ಸೀದಾ ಅಡುಗೆಮನೆಗೆ ಹೋಗಿ ಫಿಲ್ಟರಿನ ಮೇಲಿನ ಪಾತ್ರೆ ಎತ್ತಿ ನೋಡುತ್ತಾಳೆ. ಡಿಕಾಕ್ಷನ್ ಪೂರ್ತಿ ಇಳಿದಿರುತ್ತದೆ.